ಜರ್ಮನಿಗೆ ಓದಲು ಬಂದವರಿಗೆ: ಶನಿವಾರ ಭಾನುವಾರದ ಸುತ್ತಾಟ

ಹೊಸ ಬ್ಯಾಚ್ ಅಕ್ಟೋಬರಿನಲ್ಲಿ ಬಂದಿಳಿಯುತ್ತದೆ. ರೂಮ್ ಹುಡುಕಿ, ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮುಗಿಸಿ, ಬ್ಯಾಂಕಿನ ಕೆಲಸ ಆಗುವಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಗಿರುತ್ತದೆ. ಈ ವಾರ ಪ್ಯಾರಿಸ್ಸೋ, ಪ್ರಾಗೋ, ಆಮ್‌ಸ್ಟರ್‌ಡ್ಯಾಮೋ? ಆಸೆ ಸಹಜ. ಆದರೆ ಇಲ್ಲಿ ನೆಲೆಸಿ, ಪ್ರತಿ ವರ್ಷ ಹೊಸಬರನ್ನು ನೋಡುತ್ತಾ ಬಂದ ನನ್ನ ಸಲಹೆ ಇಷ್ಟೇ. ಮೊದಲ ಸೆಮಿಸ್ಟರಿನಲ್ಲಿ ಸುತ್ತಮುತ್ತಲಿನ ಊರುಗಳಲ್ಲಿ ನಿಂತು ನಿಂತು ಹೋಗುವ ರೀಜನಲ್ ರೈಲು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಸುತ್ತಿ. ಬೆಳಿಗ್ಗೆ ಹೊರಡಿ, ರಾತ್ರಿ ನಿಮ್ಮ ರೂಮಿಗೇ ವಾಪಸ್ ಬಂದು ಮಲಗಿ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ವೀಸಾಗೆಂದು ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ಊಟ ಕಳೆದರೆ ಉಳಿಯುವುದು ಎಷ್ಟು ಅಂತ ಈಗಾಗಲೇ ನಿಮಗೆ ಗೊತ್ತಾಗಿರುತ್ತದೆ. ಎರಡು ರಾತ್ರಿಯ ಹಾಸ್ಟೆಲ್, ಹೋಗಿ ಬರುವ ಬಸ್ಸು, ಅಲ್ಲಿನ ಮೆಟ್ರೋ ಸೇರಿದರೆ ಆ ಉಳಿಕೆ ಅಲ್ಲೇ ಖಾಲಿ. ಅದೇ ದುಡ್ಡಿಗೆ ಸುತ್ತಮುತ್ತಲಿನ ಊರುಗಳನ್ನು ತಿಂಗಳುಗಟ್ಟಲೆ ನೋಡಬಹುದು.

ಟಿಕೆಟ್ ವಿಷಯ

ದೇಶದ ರೀಜನಲ್ ರೈಲು, ಊರಿನ ಬಸ್ಸುಗಳಲ್ಲೆಲ್ಲ ನಡೆಯುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್. ಇದು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಹಲವು ಯೂನಿವರ್ಸಿಟಿಗಳಲ್ಲಿ ಇದೇ ಟಿಕೆಟ್ ಸೆಮಿಸ್ಟರ್ ಶುಲ್ಕದ ಜೊತೆ, ಪೂರ್ತಿ ಬೆಲೆಯ ಶೇ 60ಕ್ಕೆ ಬರುತ್ತದೆ. ನಿಮ್ಮ ಕಾಲೇಜಿನದು ದೇಶಪೂರ್ತಿ ನಡೆಯುತ್ತದೋ, ಊರಿನ ಸುತ್ತ ಮಾತ್ರವೋ ಎಂದು ಮೊದಲೇ ನೋಡಿಕೊಳ್ಳಿ. ಶುಲ್ಕದಲ್ಲಿ ಸೇರಿದ್ದನ್ನು ಮರೆತು ಇನ್ನೊಂದು ಕೊಳ್ಳುವವರಿದ್ದಾರೆ. ಪತ್ರಿಕೆಯ ಚಂದಾ ಥರ ತಿಂಗಳಿಗೊಮ್ಮೆ ದುಡ್ಡು ಕಟ್ಟಿ ಕೊಳ್ಳುವವರು ಬೇಡವಾದಾಗ ಆ ತಿಂಗಳ 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಬೇಕು. 11ಕ್ಕೆ ನೆನಪಾದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.

ಈ ಟಿಕೆಟ್ ಆರ್‌ಇ, ಆರ್‌ಬಿ ಎಂಬ ರೀಜನಲ್ ರೈಲು, ಎಸ್‌-ಬಾನ್ (ಊರಿನ ಲೋಕಲ್ ರೈಲು), ಊ-ಬಾನ್ (ಮೆಟ್ರೋ), ಟ್ರಾಮ್, ಊರೊಳಗಿನ ಬಸ್ಸು ಎಲ್ಲದಕ್ಕೂ ನಡೆಯುತ್ತದೆ. ದೂರದ ವೇಗದ ರೈಲುಗಳಾದ ಐಸಿಇ, ಐಸಿಗಳಲ್ಲಿ ನಡೆಯುವುದಿಲ್ಲ. ರೈಲ್ವೆ ಆ್ಯಪ್‌ನಲ್ಲಿ ರೈಲು ಹುಡುಕುವಾಗ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲು ಮಾತ್ರ ತೋರಿಸು ಎಂಬ ಆಯ್ಕೆ ಇದೆ, ಅದನ್ನು ಹಾಕಿಬಿಡಿ. ಟಿಕೆಟ್ ಹೆಸರಿನ ಮೇಲಿರುತ್ತದೆ, ಗುರುತಿನ ಚೀಟಿ ಜೊತೆಗಿರಲಿ. ಫೋನ್ ಚಾರ್ಜ್ ಖಾಲಿಯಾದರೆ ಟಿಕೆಟ್ ಇಲ್ಲದ ಹಾಗೆಯೇ ಲೆಕ್ಕ. ದಂಡ 60 ಯೂರೋ. ಹೆಸರಿನ ಟಿಕೆಟ್ ಆಗಿರುವುದರಿಂದ ಆಮೇಲೆ ತೋರಿಸಿ 7 ಯೂರೋಗೆ ಇಳಿಸಿಕೊಳ್ಳಬಹುದು, ಆದರೂ ಅಷ್ಟು ಓಡಾಟ ಯಾರಿಗೆ ಬೇಕು? ಗುಂಪಿನಲ್ಲಿ ಒಂದು ಪವರ್‌ಬ್ಯಾಂಕ್ ಇರಲೇಬೇಕು.

ಗುಂಪಿನಲ್ಲಿ ಕೆಲವರ ಹತ್ತಿರ ಈ ಟಿಕೆಟ್ ಇಲ್ಲದಿದ್ದರೆ ಆಯಾ ರಾಜ್ಯದ ಒಂದು ದಿನದ ಟಿಕೆಟ್ ನೋಡಿ. ಬವೇರಿಯಾದ ಬಯರ್ನ್ ಟಿಕೆಟ್ ಐದು ಜನರವರೆಗೆ ಹಂಚಿಕೊಳ್ಳಬಹುದು. ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ದುಡ್ಡು ಕಡಿಮೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ, ಶನಿವಾರ ಭಾನುವಾರ ನಡುರಾತ್ರಿ 12ರಿಂದಲೇ ಶುರು. ಎರಡರಲ್ಲೂ ಮರುದಿನ ಬೆಳಗಿನ ಜಾವ 3ರವರೆಗೆ ನಡೆಯುತ್ತದೆ. ಎಲ್ಲರ ಹೆಸರನ್ನೂ ಅದರ ಮೇಲೆ ಬರೆಯಬೇಕು.

ರೀಜನಲ್ ರೈಲಿನ ಇನ್ನೊಂದು ಚಾಳಿ ಹೊಸಬರಿಗೆ ಯಾರೂ ಹೇಳುವುದಿಲ್ಲ. ಕೆಲವು ರೈಲುಗಳು ದಾರಿಯಲ್ಲಿ ಎರಡು ತುಂಡಾಗುತ್ತವೆ. ಮ್ಯೂನಿಕ್‌ನಿಂದ ಟೆಗರ್ನ್‌ಜೇ ಸರೋವರದ ಕಡೆ ಹೋಗುವ ರೈಲನ್ನೇ ನೋಡಿ. ಹೋಲ್ಜ್‌ಕಿರ್ಖೆನ್‌ನಲ್ಲಿ ಒಂದು ಭಾಗ ಬೇರೆಯಾಗಿ ಬಾಯ್ರಿಷ್‌ಜೆಲ್‌ಗೆ ಹೋಗುತ್ತದೆ. ಉಳಿದದ್ದು ಷಾಫ್ಟ್‌ಲಾಖ್‌ನಲ್ಲಿ ಮತ್ತೆ ಒಡೆದು ಒಂದು ಟೆಗರ್ನ್‌ಜೇಗೆ, ಇನ್ನೊಂದು ಲೆಂಗ್ರೀಸ್‌ಗೆ. ಸೀಟು ಸಿಕ್ಕಿತು ಅಂತ ಇಬ್ಬರು ಹಿಂದಿನ ಬೋಗಿ ಹತ್ತಿ, ಮೂವರು ಮುಂದಿನದು ಹತ್ತಿದರೆ ಒಂದೇ ಗುಂಪು ಎರಡು ಊರು ನೋಡಿಕೊಂಡು ಬರುತ್ತದೆ! ಬೋಗಿಯ ಹೊರಗಿನ ಬೋರ್ಡಿನಲ್ಲಿ ಊರಿನ ಹೆಸರು ಓದಿಯೇ ಹತ್ತಿ.

ಐಸಿಇಯಲ್ಲೇ ಹೋಗಬೇಕಾದಾಗ ಸ್ಪಾರ್‌ಪ್ರೈಸ್ (ರಿಯಾಯಿತಿ ದರದ) ಟಿಕೆಟ್ ವಾರಗಳ ಮುಂಚೆ ತೆಗೆದರೆ ಅಗ್ಗ. ಆದರೆ ಅದು ಆ ಒಂದೇ ರೈಲಿಗೆ ಕಟ್ಟುಬಿದ್ದ ಟಿಕೆಟ್. ರೈಲು ತಡವಾಗಿ, ಇಳಿಯುವ ಊರಿಗೆ 20 ನಿಮಿಷಕ್ಕಿಂತ ಜಾಸ್ತಿ ತಡ ಆಗುವ ಹಾಗಿದ್ದರೆ ಆ ಕಟ್ಟು ಬಿಡುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಶೇ 25, ಎರಡು ಗಂಟೆಗೆ ಶೇ 50 ವಾಪಸ್ ಕೇಳಬಹುದು. ಕೇಳಿ, ನಾಚಿಕೊಳ್ಳಬೇಡಿ. ಜರ್ಮನ್ ರೈಲು ಟೈಮಿಗೆ ಸರಿಯಾಗಿ ಬರುತ್ತದೆ ಅಂತ ಕೇಳಿಕೊಂಡು ಬಂದಿರುತ್ತೀರಿ. ಅದನ್ನು ಬೇಗ ಮರೆತಷ್ಟೂ ಒಳ್ಳೆಯದು.

ಮೊದಲು ವಾಪಸ್ ರೈಲು ನೋಡಿ

ಎಲ್ಲರೂ ಹೋಗುವ ರೈಲು ಹುಡುಕುತ್ತಾರೆ. ನೀವು ಬರುವ ರೈಲು ಮೊದಲು ಹುಡುಕಿ. ಸಣ್ಣ ಊರುಗಳಿಂದ ಭಾನುವಾರ ಸಂಜೆ ಬಸ್ಸು ಎರಡು ಗಂಟೆಗೊಂದು ಇರಬಹುದು, ಇಲ್ಲದೆಯೂ ಇರಬಹುದು. ಹಳಿ ರಿಪೇರಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಆ್ಯಪ್‌ನಲ್ಲಿ ಎಸ್‌ಇವಿ ಅಂತ ಕಂಡರೆ ಅದೇ. ಈ ಬಸ್ಸು ಸ್ಟೇಷನ್ ಎದುರಿಗೇ ನಿಲ್ಲುತ್ತದೆ ಅಂತಿಲ್ಲ, ಒಂದು ಬೀದಿ ಆಚೆಗೂ ನಿಲ್ಲಬಹುದು. ಹಾಗಾಗಿ ಕೊನೆಯ ರೈಲನ್ನು ನಂಬಬೇಡಿ, ಅದರ ಹಿಂದಿನದು ನಿಮ್ಮದು ಅಂದುಕೊಳ್ಳಿ. ಕೊನೆಯದು ಆಪತ್ತಿಗೆ ಇರಲಿ.

ಹಗಲಿನ ಲೆಕ್ಕವೂ ಇಲ್ಲಿ ಬೇರೆ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕು, ನಾಲ್ಕೂವರೆಗೆಲ್ಲ ಕತ್ತಲು. ಚಳಿಗಾಲದಲ್ಲಿ ಬೆಟ್ಟ, ಕಾಡು ಅಂತ ಹೊರಟರೆ ಮಧ್ಯಾಹ್ನ ಎರಡಕ್ಕೆಲ್ಲ ಇಳಿಯಲು ಶುರು ಮಾಡಿ. ರೋಪ್‌ವೇ ಹತ್ತುವ ಮುಂಚೆ ಇಳಿಯುವ ಕೊನೆಯ ಕಾರು ಎಷ್ಟು ಗಂಟೆಗೆ ಅಂತ ಓದಿ. ಊರಿನೊಳಗಿನ ತಿರುಗಾಟಕ್ಕೆ ಚಳಿಗಾಲವೇ ಚೆನ್ನ. ಕ್ರಿಸ್‌ಮಸ್ ಸಂತೆ ದೀಪ ಹಚ್ಚಿದ ಮೇಲೆಯೇ ನೋಡಬೇಕು, ಅಲ್ವಾ?

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ಸ್ಟೇಷನ್ನಿನೊಳಗಿನ ಅಂಗಡಿ ತೆಗೆದಿರುತ್ತದೆ, ಬೇಕರಿ ಬೆಳಿಗ್ಗೆ ಕೆಲವು ಗಂಟೆ. ಹಾಗಾಗಿ ತಿಂಡಿ ಶನಿವಾರವೇ ಕಟ್ಟಿಕೊಳ್ಳಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಇದ್ದರೆ ದಿನ ಸಾಗುತ್ತದೆ. ಹೋಟೆಲಿನಲ್ಲಿ ಕೂತರೆ ಸಸ್ಯಾಹಾರಿಗಳು ಹುಷಾರು. ಆಲೂಗಡ್ಡೆ ಸೂಪ್ ಅಂತ ತರಿಸಿದರೆ ಹಂದಿಮಾಂಸದ ಚೂರು ತೇಲುತ್ತಿರಬಹುದು. ಆರ್ಡರ್ ಮಾಡುವಾಗ "ವೆಗೆಟಾರಿಷ್" ಅಂತ ಬಿಡಿಸಿ ಕೇಳಿ. ಬಿಲ್ ಬೇರೆಬೇರೆ ಮಾಡಿ ಅಂದರೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ಎಲ್ಲಿಗೆ?

ನನ್ನನ್ನು ಕೇಳಿದರೆ ಮೊದಲ ಸುತ್ತಾಟಕ್ಕೆ ರೈನ್ ಕಣಿವೆ. ಕೋಬ್ಲೆನ್ಸ್‌ನಿಂದ ಮೈಂಜ್ ಕಡೆ ನದಿಯ ಎಡದಂಡೆಯಲ್ಲಿ ಹೋಗುವ ರೀಜನಲ್ ರೈಲು ಹತ್ತಿ, ಎಡಗಡೆ ಕಿಟಕಿಗೆ ಕೂತುಬಿಡಿ. ಬಿಂಗೆನ್‌ವರೆಗೂ ಕೋಟೆ, ದ್ರಾಕ್ಷಿ ತೋಟ, ಸರಕಿನ ದೋಣಿ, ಲೋರೆಲೈ ಬಂಡೆ ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. 2002ರಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ. ಚೆಂದ ಕಂಡ ಊರಿನಲ್ಲಿ ಇಳಿದು, ಮುಂದಿನ ರೈಲಿಗೆ ಹತ್ತಿ. ನಿಮ್ಮ ಟಿಕೆಟ್‌ನಲ್ಲಿ ಎಷ್ಟು ಸಲ ಇಳಿದು ಹತ್ತಿದರೂ ಬೇರೆ ದುಡ್ಡಿಲ್ಲ.

ಪೂರ್ವದ ಕಡೆ ಇರುವವರಿಗೆ ಡ್ರೆಸ್ಡೆನ್ ಪಕ್ಕದ ಸ್ಯಾಕ್ಸನ್ ಸ್ವಿಟ್ಜರ್‌ಲ್ಯಾಂಡ್ ಎಂಬ ಬಂಡೆ ಬೆಟ್ಟಗಳ ಸೀಮೆ. ಡ್ರೆಸ್ಡೆನ್‌ನಿಂದ ಎಸ್1 ಹಿಡಿದು ಕುರೋರ್ಟ್ ರಾಟೆನ್‌ನಲ್ಲಿ ಇಳಿದು, ದೋಣಿಯಲ್ಲಿ ಎಲ್ಬ ನದಿ ದಾಟಿ, ಮೆಟ್ಟಿಲು ಹತ್ತಿದರೆ ಬಾಸ್ಟೈ ಎಂಬ ಬಂಡೆಗಳ ಗುಂಪು. ಬಂಡೆಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅಲ್ಲಿದೆ. ನದಿ 194 ಮೀಟರ್ ಕೆಳಗೆ. ಗಟ್ಟಿ ಶೂ ಹಾಕಿ ಬನ್ನಿ.

ನೊಯ್‌ಷ್ವಾನ್‌ಸ್ಟೈನ್ ಅರಮನೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಎರಡನೇ ಲುಡ್ವಿಗ್ ರಾಜ 1869ರಲ್ಲಿ ಕಟ್ಟಿಸಲು ಶುರುಮಾಡಿ, ಮುಗಿಯುವ ಮುಂಚೆಯೇ 1886ರಲ್ಲಿ ತೀರಿಕೊಂಡ. ಮ್ಯೂನಿಕ್‌ನಿಂದ ಫ್ಯುಸೆನ್‌ಗೆ ರೈಲು, ಅಲ್ಲಿಂದ ಬಸ್ಸು. ಒಳಗೆ ಗೈಡ್ ಜೊತೆ, ಕೊಟ್ಟ ಸಮಯಕ್ಕೆ ಮಾತ್ರ ಹೋಗಬೇಕು, ಫೋಟೋ ತೆಗೆಯುವ ಹಾಗಿಲ್ಲ. ಟಿಕೆಟ್ ಮುಂಚೆಯೇ ಆನ್‌ಲೈನಲ್ಲಿ ತೆಗೆಯದೆ ಹೋದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ನನಗಂತೂ ಒಳಗಿಗಿಂತ ಮರಿಯೆನ್‌ಬ್ರ್ಯುಕೆ ಸೇತುವೆಯಿಂದ ಹೊರಗೆ ಕಾಣುವುದೇ ಇಷ್ಟ. ಹಿಮ ಬಿದ್ದಾಗ ಆ ಸೇತುವೆ ಮುಚ್ಚುವುದುಂಟು, ಹೊರಡುವ ಮುಂಚೆ ನೋಡಿ.

ಕಲೋನ್ ಕೆಥೆಡ್ರಲ್ ನೋಡಲು ಒಂದು ದಿನ ಎತ್ತಿಡಬೇಕಿಲ್ಲ. ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಇದೆ, ರೈಲು ಬದಲಿಸುವಾಗ ಒಂದು ಗಂಟೆ ಸಿಕ್ಕರೂ ಸಾಕು. ಉಲ್ಮ್ ಚರ್ಚಿನ ಗೋಪುರ 161.5 ಮೀಟರ್, 768 ಮೆಟ್ಟಿಲು. 2025ರ ಅಕ್ಟೋಬರಿನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಅದನ್ನು ಮೀರಿಸುವವರೆಗೂ ಜಗತ್ತಿನ ಅತಿ ಎತ್ತರದ ಚರ್ಚ್ ಅದೇ ಆಗಿತ್ತು. ಈಗ ಎರಡನೆಯದು, ಮೆಟ್ಟಿಲು ಮಾತ್ರ ಅಷ್ಟೇ ಇವೆ.

ಗಡಿ ದಾಟುವ ಮುಂಚೆ

ಬೇರೆ ದೇಶ ನೋಡಲೇಬೇಕು ಅಂದರೆ ಅದೂ ಹತ್ತಿರದಲ್ಲೇ ಇದೆ. ಡಾಯ್ಚ್‌ಲಾಂಡ್ ಟಿಕೆಟ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ಟ್ರಿಯರ್‌ನಲ್ಲಿ ರೋಮನ್ನರ ಕಾಲದ ಪೋರ್ಟಾ ನಿಗ್ರಾ ಬಾಗಿಲು ನೋಡಿ ಹಾಗೇ ಲಕ್ಸೆಂಬರ್ಗ್‌ಗೆ ಹೋಗಬಹುದು. ಗಡಿವರೆಗೆ ನಿಮ್ಮ ಟಿಕೆಟ್, ಅಲ್ಲಿಂದಾಚೆ ಎರಡನೇ ದರ್ಜೆ ಎಲ್ಲರಿಗೂ ಉಚಿತ. 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮ್, ರೈಲಿಗೆ ಟಿಕೆಟ್ಟೇ ಇಲ್ಲ. ಗಡಿಯ ಊರಾದ ಕೇಲ್‌ನಲ್ಲಿ ಇಳಿದು ರೈನ್ ಮೇಲಿನ ಸೇತುವೆ ನಡೆದು ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್.

ಜರ್ಮನ್ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಆದರೆ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಅಸಲೇ ಕೈಯಲ್ಲಿರಬೇಕು. ಫೋನಿನಲ್ಲಿರುವ ಫೋಟೋ ಲೆಕ್ಕಕ್ಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ವಾಪಸ್ ಬರುವಾಗ ಪೊಲೀಸರು ರೈಲು ಹತ್ತಿ ಕೇಳುತ್ತಾರೆ. ಪರ್ಮಿಟ್ ರಿನ್ಯೂವಲ್‌ಗೆ ಕೊಟ್ಟು ಕೈಯಲ್ಲಿ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಕಾಗದ ಮಾತ್ರ ಇದ್ದರೆ, ವಿದೇಶಿಯರ ಕಚೇರಿಯಲ್ಲಿ ಕೇಳದೆ ಗಡಿ ದಾಟಬೇಡಿ. ಆ ಕಾಗದದಲ್ಲಿ ಬೇರೆ ಬೇರೆ ಬಗೆಗಳಿವೆ, ಎಲ್ಲವೂ ವಾಪಸ್ ಬರಲು ಬಿಡುವುದಿಲ್ಲ. ಗೆಳೆಯರು ಹೋಗುತ್ತಿದ್ದಾರೆ ಅಂತ ಸುಮ್ನೆ ಹೊರಟುಬಿಡುವ ವಿಷಯ ಅಲ್ಲ ಇದು.

ಬ್ರಿಟನ್, ಐರ್ಲೆಂಡ್‌ಗೆ ಬೇರೆ ವೀಸಾ ಬೇಕು. ಸ್ವಿಟ್ಜರ್‌ಲ್ಯಾಂಡ್ ಷೆಂಗೆನ್‌ನಲ್ಲಿದೆ, ಯುರೋಪಿಯನ್ ಯೂನಿಯನ್‌ನಲ್ಲಿಲ್ಲ. ಅಲ್ಲಿ ನಿಮ್ಮ ಸಿಮ್‌ಗೆ ರೋಮಿಂಗ್ ಇದೆಯೋ ನೋಡಿ, ಇಲ್ಲದಿದ್ದರೆ ಡೇಟಾ ಆಫ್ ಮಾಡಿ. ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಇರುವವರ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಹೆಲ್ತ್ ಕಾರ್ಡ್, ಅದನ್ನು ರೂಮಿನಲ್ಲಿ ಬಿಟ್ಟು ಹೋಗಬೇಡಿ. ಪ್ಯಾರಿಸ್‌ಗೆ ಹೋಗುವ ದಿನ ಬಂದರೆ ಪರ್ಮಿಟ್ ಕಾರ್ಡ್ ಇನ್ನೊಂದಕ್ಕೂ ಉಪಯೋಗ. ಯುರೋಪಿನಲ್ಲಿ ವಾಸವಾಗಿರುವ, 26 ತುಂಬದವರಿಗೆ ಲೂವ್ರ್, ಓರ್ಸೆ ಮ್ಯೂಸಿಯಂಗಳು, ವರ್ಸೈ ಅರಮನೆ ಉಚಿತ. ಲೂವ್ರ್‌ಗೆ ಸಮಯ ಮಾತ್ರ ಮೊದಲೇ ಬುಕ್ ಮಾಡಿ.

ಕಾರು ಬಾಡಿಗೆಗೆ ತೆಗೆಯುವ ಯೋಚನೆ ಇದ್ದರೆ ಒಂದು ಮಾತು. ನಮ್ಮ ಊರಿನ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ.

ಗುಂಪು ಮತ್ತು ನೀರು

ನಾಲ್ಕೈದು ಜನ ಸಾಕು. ಹತ್ತು ಜನ ಹೊರಟರೆ ಅರ್ಧ ದಿನ ಒಬ್ಬರಿಗೊಬ್ಬರು ಕಾಯುವುದರಲ್ಲೇ ಹೋಗುತ್ತದೆ. ಪ್ಲಾನ್ ಮಾಡುವವರು ಪ್ರತಿ ಸಲ ಒಬ್ಬರೇ ಆದರೆ ಮೂರನೇ ಟ್ರಿಪ್‌ಗೆ ಅವರಿಗೆ ಬೇಜಾರು ಬರುತ್ತದೆ, ಸರದಿ ಮಾಡಿಕೊಳ್ಳಿ. ಖರ್ಚು ಅಲ್ಲಲ್ಲೇ ಆ್ಯಪ್‌ನಲ್ಲಿ ಬರೆದು ಸೋಮವಾರದೊಳಗೆ ಚುಕ್ತಾ ಮಾಡಿ. ಒಬ್ಬರಿಗೆ ದುಡ್ಡು ಬಿಗಿ ಇದೆ ಅಂತ ಗೊತ್ತಿದ್ದರೆ, ಅವರು ಬಾಯಿಬಿಡುವ ಮುಂಚೆ ನೀವೇ ಅಗ್ಗದ ಜಾಗ ಸೂಚಿಸಿ.

ಬೇಸಿಗೆಯ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಈಜು ಬಾರದವರು ಕೆರೆ, ನದಿಗೆ ಇಳಿಯಬೇಡಿ. ಮೇಲಿನ ನೀರು ಬೆಚ್ಚಗಿದ್ದರೂ ಒಂದೆರಡು ಅಡಿ ಕೆಳಗೆ ಕೊರೆಯುತ್ತಿರುತ್ತದೆ, ಕೈಕಾಲು ಮರಗಟ್ಟುತ್ತವೆ. ರೈನ್‌ನಲ್ಲಿ ಹಡಗು ಹೋದಾಗ ದಡದ ನೀರೂ ಎಳೆಯುತ್ತದೆ. ಮ್ಯೂನಿಕ್‌ನ ಐಸ್‌ಬಾಖ್ ಕಾಲುವೆಯಲ್ಲಿ ಜನ ತೇಲಿಕೊಂಡು ಹೋಗುವುದನ್ನು ನೋಡಿ ಹುರುಪು ಬರುತ್ತದೆ, ಆದರೆ ಅಲ್ಲಿ ಈಜು ನಿಷೇಧ. ಕಾವಲು ಇರುವ ಜಾಗದಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟ ಹಾರುತ್ತದೆ. ಬರೀ ಕೆಂಪು ಬಾವುಟ ಇದ್ದರೆ ಯಾರೂ ಇಳಿಯುವ ಹಾಗಿಲ್ಲ. ಗೆಳೆಯರು ಹೀಯಾಳಿಸಿದರೆ ದಡದಲ್ಲೇ ಕೂತು ಬ್ಯಾಗು ಕಾಯಿರಿ. ಕಲಿಯುವ ಆಸೆ ಇದ್ದರೆ ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಈಜಿನ ಕೋರ್ಸ್ ಇದೆಯೇ ಕೇಳಿ. ಇಂಥ ಕೋರ್ಸ್‌ಗಳು ಬೇಗ ತುಂಬುತ್ತವೆ, ಸೆಮಿಸ್ಟರ್ ಶುರುವಾಗುವಾಗಲೇ ಹೆಸರು ಕೊಡಿ. ಏನಾದರೂ ಆದರೆ ನಂಬರ್ 112. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯಬೇಡಿ, ಎಲ್ಲಿದ್ದೀರಿ ಅನ್ನುವುದನ್ನು ಮೊದಲು ಹೇಳಿ.