ಮದುವೆ ಡಿವಿಡಿ ಪೆನ್‌ಡ್ರೈವ್‌ಗೆ: ಮುಖ ಅಗಲವಾಗದಂತೆ

ಹಳೆಯ ಮದುವೆ ಡಿವಿಡಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ನೋಡುವವರ ಮನೆಯಲ್ಲಿ ಎರಡು ತಪ್ಪು ಸಾಮಾನ್ಯ. ವಧು-ವರರು ಹತ್ತು ಕೆಜಿ ದಪ್ಪಗಾಗಿರುತ್ತಾರೆ. ಅಕ್ಷತೆ ಹಾಕುವ ಕೈಗಳ ಅಂಚು ಬಾಚಣಿಗೆಯಂತೆ ಸೀಳಿರುತ್ತದೆ. ಎರಡನ್ನೂ ತಪ್ಪಿಸಬಹುದು.

1. ಡಿಸ್ಕ್‌ನಲ್ಲಿರುವ ವಿಡಿಯೊ_ಟಿಎಸ್ ಫೋಲ್ಡರನ್ನು ಪೂರ್ತಿ ಕಂಪ್ಯೂಟರ್‌ಗೆ ಕಾಪಿ ಮಾಡಿ. ಒಳಗೆ ವಿಡಿಯೊ ಇರುವ ವಿಒಬಿ ಫೈಲಿನ ಹೆಸರಿನ ಕೊನೆಗೆ ಸುಮ್ನೆ ಎಂಪಿ4 ಎಂದು ಬರೆಯುವವರಿದ್ದಾರೆ. ಹೆಸರು ಬದಲಾಗುತ್ತದೆ ಅಷ್ಟೇ, ಒಳಗಿರುವುದು ಅದೇ ಎಂಪೆಗ್-2, ಅಂದರೆ ಡಿವಿಡಿಯ ವಿಡಿಯೊ ರೂಪ.

2. ಅದನ್ನು ನಿಜವಾಗಿ ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಇದೆ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 'ಫ್ರೀ ಕನ್ವರ್ಟರ್' ಎಂದು ಹುಡುಕಿದರೆ ಸಿಗುವ ಹಲವು, ಚಿತ್ರದ ಮೇಲೆ ತಮ್ಮ ಹೆಸರು ಒತ್ತಿ, ಅದನ್ನು ತೆಗೆಯಲು ದುಡ್ಡು ಕೇಳುತ್ತವೆ. ಆನ್‌ಲೈನ್ ಕನ್ವರ್ಟರ್ ಅಂತೂ ಬೇಡವೇ ಬೇಡ. ಮನೆಮಂದಿಯ ವಿಡಿಯೊ ಯಾರದೋ ಸರ್ವರ್‌ಗೆ ಯಾಕೆ? ಹ್ಯಾಂಡ್‌ಬ್ರೇಕ್‌ನಲ್ಲಿ ಆ ಫೋಲ್ಡರ್ ತೆರೆದು, ಎಲ್ಲಕ್ಕಿಂತ ಉದ್ದದ ಟೈಟಲ್ (ಡಿಸ್ಕ್‌ನ ವಿಡಿಯೊ ಭಾಗ) ಆರಿಸಿ.

3. ಎಲ್ಲರೂ ಎಡವುವುದು ಡೈಮೆನ್ಶನ್ಸ್ ಪುಟದಲ್ಲಿ. ನಮ್ಮ ಡಿವಿಡಿಗಳ ಚಿತ್ರ 720×576 ಚುಕ್ಕೆ (ಪಿಕ್ಸೆಲ್). ಆದರೆ ಆ ಚುಕ್ಕೆಗಳು ಚೌಕವಲ್ಲ. 4:3ರಲ್ಲಿ (ಅಗಲ-ಎತ್ತರದ ಅನುಪಾತ) ತೆಗೆದ ಮದುವೆ ಸರಿಯಾದ ಆಕಾರದಲ್ಲಿ ಕಾಣಲು 768×576 ಬೇಕು, 16:9 ಆದರೆ 1024×576. ಎಷ್ಟು ಹಿಗ್ಗಿಸಬೇಕೆಂಬ ಸೂಚನೆ ಫೈಲಿನಲ್ಲೇ ಇರುತ್ತದೆ. ಆದರೆ ಕೆಲವು ಟಿವಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ರೆಸಲ್ಯೂಶನ್ ಲಿಮಿಟ್, ಕ್ರಾಪಿಂಗ್, ಅನಮಾರ್ಫಿಕ್ ಮೂರನ್ನೂ 'ನನ್' (None) ಮಾಡಿ, ಅಳತೆಯನ್ನು ನೀವೇ ಬರೆಯಿರಿ. ಅಗಲ 720 ದಾಟದಿದ್ದರೆ 'ಅಲೋ ಅಪ್‌ಸ್ಕೇಲಿಂಗ್' ಟಿಕ್ ಮಾಡಿ. ಛತ್ರದ ಗೋಡೆ ಗಡಿಯಾರ ದುಂಡಗೆ ಕಂಡರೆ ಅಳತೆ ಸರಿ.

1920×1080 ಕೊಟ್ಟರೆ ಎಚ್‌ಡಿ ಆಗುತ್ತದೆ ಅಂದುಕೊಳ್ಳಬೇಡಿ. ಇಲ್ಲದ ವಿವರ ಎಲ್ಲಿಂದ ಬರಬೇಕು? ಫೈಲು ಊದಿಕೊಳ್ಳುತ್ತದೆ ಅಷ್ಟೇ. 4:3 ವಿಡಿಯೊಗೆ ಟಿವಿಯ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ. ಅದನ್ನು ತುಂಬಿಸಲು ಝೂಮ್ ಮಾಡಿದರೆ ಹಿಂದೆ ನಿಂತವರ ತಲೆಯೇ ಹೋಗುತ್ತದೆ. ಇಷ್ಟಾದರೂ ಮುಖ ಅಗಲವಾಗಿದ್ದರೆ, ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ನೋಡಿ.

4. ಬಾಚಣಿಗೆ ಗೆರೆಗಳಿಗೆ ಫಿಲ್ಟರ್ಸ್ ಪುಟದಲ್ಲಿ ಡಿಇಂಟರ್‌ಲೇಸ್ 'ಯಾಡಿಫ್' ಆರಿಸಿ. ಆ ಕಾಲದ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರ್ಧವಾಗಿ, ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ ಹಿಡಿಯುತ್ತಿದ್ದವು. ಅಷ್ಟರಲ್ಲಿ ಕೈ ಜರುಗಿರುತ್ತದೆ ಅಲ್ವಾ, ಗೆರೆ ಬರುವುದು ಅದಕ್ಕೇ.

5. ವಿಡಿಯೊ ಎಚ್.264, ಗುಣಮಟ್ಟ ಆರ್‌ಎಫ್ 20, ಆಡಿಯೊ ಎಎಸಿ. ಎಚ್.265 ಫೈಲು ಚಿಕ್ಕದಾಗುತ್ತದೆ ನಿಜ, ಆದರೆ ಹಲವು ಹಳೆಯ ಟಿವಿಗಳಲ್ಲಿ ಓಡುವುದಿಲ್ಲ. ಪೂರ್ತಿ ಮಾಡುವ ಮೊದಲು ಪ್ರಿವ್ಯೂನಲ್ಲಿ ಅಕ್ಷತೆಯ ಭಾಗ ನೋಡಿ, ಆಮೇಲೆ ಸ್ಟಾರ್ಟ್ ಒತ್ತಿ.

ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಹಿಡಿಯುತ್ತದೆ, ಆದರೆ ಹಳೆಯ ಟಿವಿ ಅದನ್ನು ಓದದೇ ಇರಬಹುದು. ಅಷ್ಟು ದೊಡ್ಡದಾದರೆ ಧಾರೆ ಒಂದು ಫೈಲು, ಆರತಕ್ಷತೆ ಇನ್ನೊಂದು ಎಂದು ಮಾಡಿಕೊಳ್ಳಿ.