ಹಡಗಿನ ಮಾಸ್ಟರ್‌ಗೆ ಕೈಗೆ ಎಷ್ಟು ಬರುತ್ತಿತ್ತು? ಲೆಕ್ಕ ಹಾಕೋದು ಹೀಗೆ

ತಿಂಗಳಿಗೆ 6 ಪೌಂಡ್. 17ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ವ್ಯಾಪಾರಿ ಹಡಗಿನ ಮಾಸ್ಟರ್‌ಗೆ ಸಿಗುತ್ತಿದ್ದ ಸಂಬಳ ಹೆಚ್ಚು ಕಡಿಮೆ ಇಷ್ಟು. ನಾವು ಕ್ಯಾಪ್ಟನ್ ಅನ್ನುತ್ತೇವೆ, ಆಗಿನ ವ್ಯಾಪಾರಿ ಹಡಗಿನ ಕಾಗದಪತ್ರದಲ್ಲಿ ಅವನು ಮಾಸ್ಟರ್. ಅದೇ ಹಡಗಿನ ಖಲಾಸಿಗೆ ಯುದ್ಧ ಇಲ್ಲದ ಕಾಲದಲ್ಲಿ 25 ಶಿಲಿಂಗ್ ಆಸುಪಾಸು. ಅಂದರೆ ಐದು ಪಟ್ಟು ಕೂಡ ಇಲ್ಲ. ಇಡೀ ಹಡಗಿನ ಜವಾಬ್ದಾರಿ ಹೊತ್ತವನಿಗೆ ಇಷ್ಟೇನಾ ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಸಂಬಳ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಒಂದು ಹಡಗನ್ನು ಊಹಿಸಿಕೊಂಡು ಸರಿಯಾಗಿ ಹಾಕೋಣ. ಲಂಡನ್ನಿನಿಂದ ವರ್ಜೀನಿಯಾಕ್ಕೆ ಹೋಗಿ, ಹೊಗೆಸೊಪ್ಪು ತುಂಬಿಕೊಂಡು ವಾಪಸ್ ಬರುವ ಹಡಗು ಅಂತಿಟ್ಟುಕೊಳ್ಳಿ.

ಮೊದಲು ತಿಂಗಳು ಎಣಿಸಿ. ಸುಲಭ ಅನ್ನಿಸುತ್ತೆ ಅಲ್ವಾ? ಇಲ್ಲೇ ಎಲ್ಲರೂ ಎಡವೋದು. ನಮ್ಮ ಮಾಸ್ಟರ್ 1675ರ ನವೆಂಬರ್ 5ಕ್ಕೆ ಕೆಲಸಕ್ಕೆ ಸೇರಿದ. ವರ್ಜೀನಿಯಾದಲ್ಲಿ ಅವನು ಬರೆದ ಚೀಟಿಯ ಮೇಲೆ 1675ರ ಮಾರ್ಚ್ 5 ಅಂತಿದೆ. ಹಡಗು ಕಾಲದಲ್ಲಿ ಹಿಂದಕ್ಕೆ ಹೋಯಿತಾ? ಇಲ್ಲ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಈ ಪದ್ಧತಿ ಹೋಗಿದ್ದು 1752ರಲ್ಲಿ. ಹಾಗಾಗಿ ಆ ಮಾರ್ಚ್ ನಮ್ಮ ಲೆಕ್ಕದಲ್ಲಿ 1676ರದ್ದು. ಕೆಲವರು ಗೊಂದಲ ಬೇಡ ಅಂತ 1675/6 ಎಂದೇ ಬರೆಯುತ್ತಿದ್ದರು, ಪುಣ್ಯಾತ್ಮರು. ಹಡಗು 1676ರ ಆಗಸ್ಟ್ 5ಕ್ಕೆ ಮರಳಿತು ಅಂದರೆ 9 ತಿಂಗಳು. ಆರೊಂಬತ್ಲ 54 ಪೌಂಡ್.

ಚಿಲ್ಲರೆ ಕೂಡುವಾಗ ಹುಷಾರು. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಕ್ಯಾಲ್ಕುಲೇಟರಿಗೆ ಹಾಕುವ ಮುಂಚೆ ಎಲ್ಲವನ್ನೂ ಪೆನ್ನಿಗೆ ಇಳಿಸಿಕೊಂಡರೆ ತಲೆನೋವು ಕಡಿಮೆ.

ಎರಡನೆಯದಾಗಿ ಬಿಲ್ ಆಫ್ ಲೇಡಿಂಗ್ ನೋಡಿ. ಸರಕು ಹಡಗಿಗೆ ಏರಿತು ಅಂತ ಮಾಸ್ಟರ್ ಸಹಿ ಹಾಕಿಕೊಡುವ ಕಾಗದ ಅದು. ದೇವರ ಕೃಪೆಯಿಂದ ಅಂತ ಶುರುವಾಗಿ, ಹಡಗು ಸುಖವಾಗಿ ಸೇರಲಿ, ಆಮೆನ್ ಅಂತ ಮುಗಿಯುತ್ತದೆ. ನಡುವೆ ಬಾಡಿಗೆ ಎಷ್ಟು ಅಂತ ಹೇಳಿದ ಮೇಲೆ ಒಂದು ಪುಟ್ಟ ಬಾಲ ಇರುತ್ತದೆ: ವಾಡಿಕೆಯ ಪ್ರೈಮೇಜ್ ಮತ್ತು ಆವರೇಜ್ ಸಮೇತ. ಆವರೇಜ್ ಅಂದರೆ ಇಲ್ಲಿ ಸರಾಸರಿ ಅಲ್ಲ, ಬಂದರಿನ ಸಣ್ಣಪುಟ್ಟ ಖರ್ಚಿನ ಪಾಲು. ಪ್ರೈಮೇಜ್ ಮಾತ್ರ ಮಾಸ್ಟರ್ ಜೇಬಿಗೆ. ಸರಕನ್ನು ಚೆನ್ನಾಗಿ ನೋಡಿಕೊಳ್ಳಲಿ ಅಂತ ವ್ಯಾಪಾರಿ ಬಾಡಿಗೆಯ ಮೇಲೆ ಕೊಡುತ್ತಿದ್ದ ದುಡ್ಡು. ಇದಕ್ಕೆ ಟೋಪಿ ದುಡ್ಡು ಅನ್ನೋ ಅಡ್ಡಹೆಸರೂ ಇದೆ. ಹಾಗಂತ ಯಾರೂ ಯಾರಿಗೂ ಟೋಪಿ ಹಾಕುತ್ತಿರಲಿಲ್ಲ, ಗಿಂಬಳವೂ ಅಲ್ಲ, ಎಲ್ಲ ರಾಜಾರೋಷವಾಗಿ ಕಾಗದದ ಮೇಲೇ ಇತ್ತು. ನಮ್ಮ ಹಡಗಿನಲ್ಲಿ 300 ಪೀಪಾಯಿ ಹೊಗೆಸೊಪ್ಪು. ಬಾಡಿಗೆ ಲೆಕ್ಕದಲ್ಲಿ ನಾಲ್ಕು ಪೀಪಾಯಿಗೆ ಒಂದು ಟನ್, ಒಟ್ಟು 75 ಟನ್. ಟನ್ನಿಗೆ 2 ಶಿಲಿಂಗ್ ಅಂತ ಹಿಡಿದರೆ 7 ಪೌಂಡ್ 10 ಶಿಲಿಂಗ್.

ಮೂರು, ಹಡಗಿನಲ್ಲಿ ಅವನಿಗೆ ಬಿಟ್ಟ ಜಾಗ. ಅಲ್ಲಿ ಬಾಡಿಗೆ ಇಲ್ಲದೆ ಸ್ವಂತ ಸರಕು ತುಂಬಿಕೊಳ್ಳಬಹುದು. ಹೋಗುವಾಗ 40 ಪೌಂಡಿನ ಟೋಪಿ, ಬೂಟು, ಚಾಕು ಒಯ್ದು, ಬರುವಾಗ ತಂದ ಹೊಗೆಸೊಪ್ಪು 60ಕ್ಕೆ ಮಾರಿದ ಅಂದುಕೊಳ್ಳಿ. 20 ಲಾಭ.

ಈ ಬಾಬತ್ತು ನಿಜವಾಗಿ ದೊಡ್ಡದಾಗಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ. ಅಲ್ಲಿ ಸಂಬಳ ತಿಂಗಳಿಗೆ 10 ಪೌಂಡಿನವರೆಗೂ ಹೋಗುತ್ತಿತ್ತು, ಆದರೆ ಆಸೆ ಸಂಬಳದ ಮೇಲಲ್ಲ, ಖಾಸಗಿ ವ್ಯಾಪಾರದ ಮೇಲೆ. ಅದಕ್ಕೂ ಬೇಲಿ ಇತ್ತು. 1638ರಿಂದ ಇಂಗ್ಲಿಷರ ಕೋಠಿ ಇದ್ದ ನಮ್ಮ ಕಾರವಾರದಲ್ಲಿ ಕಾಳುಮೆಣಸು ಮೂಟೆಗಟ್ಟಲೆ ಕಣ್ಣೆದುರಿಗೇ ಇದ್ದರೂ ಮುಟ್ಟುವಂತಿರಲಿಲ್ಲ. ಮೆಣಸಿನ ವ್ಯಾಪಾರವನ್ನು ಕಂಪನಿ ತನಗೇ ಇಟ್ಟುಕೊಂಡಿತ್ತು.

ನಾಲ್ಕು, ಹಡಗಿನಲ್ಲಿ ಅವನ ಪಾಲು. ಆಗ ಒಂದು ಹಡಗಿಗೆ ಹತ್ತಾರು ಮಾಲೀಕರು. ಎಂಟು, ಹದಿನಾರು, ಮೂವತ್ತೆರಡು ಅಂತ ಪಾಲು ಮಾಡಿಕೊಳ್ಳುತ್ತಿದ್ದರು, ಮಾಸ್ಟರ್ ಕೂಡ ದುಡ್ಡು ಹಾಕಲಿ ಅಂತ ಉಳಿದವರು ಬಯಸುತ್ತಿದ್ದರು. ಕೈಯಲ್ಲಿ ಕಾಸಿಲ್ಲದವನಿಗೆ ಎಷ್ಟು ಅನುಭವ ಇದ್ದರೂ ಈ ಕೆಲಸ ಸಿಗೋದು ಕಷ್ಟ. ದಿನಚರಿ ಬರೆದಿಟ್ಟ ಎಡ್ವರ್ಡ್ ಬಾರ್ಲೋ ಅನ್ನುವ ಬಡವರ ಮನೆ ಹುಡುಗ 1659ರಲ್ಲಿ ಸಮುದ್ರಕ್ಕೆ ಇಳಿದವನು, 1697ರಲ್ಲಿ ಸೆಪ್ಟರ್ ಹಡಗಿನ ಚುಕ್ಕಾಣಿ ಅವನ ಕೈಗೆ ಬಂತು, ಅದೂ ಇದ್ದ ಕ್ಯಾಪ್ಟನ್ ದಾರಿಯಲ್ಲಿ ಸತ್ತಿದ್ದಕ್ಕೆ. ನಮ್ಮವನದ್ದು ಒಂದಾಣೆ ಪಾಲು ಅನ್ನಿ, ಹದಿನಾರರಲ್ಲಿ ಒಂದು. ಹಡಗಿಗೆ 160 ಪೌಂಡ್ ಲಾಭ ಬಂದರೆ ಅವನಿಗೆ 10. ಮಾಲೀಕರ ಖರ್ಚಿನಲ್ಲಿ ಅವನ ಸಂಬಳವೂ ಸೇರಿದೆಯಲ್ಲ, ಹಾಗಾಗಿ ಅವನ ಸಂಬಳದಲ್ಲಿ ಒಂದಾಣೆ ಅವನೇ ಕೊಟ್ಟಂತೆ!

ಕೂಡಿ ನೋಡಿ. 91 ಪೌಂಡ್ 10 ಶಿಲಿಂಗ್. ಹಡಗಿನಲ್ಲಿ ಊಟ, ವಸತಿ ಪುಕ್ಕಟೆ. ಬಂದರಿನ ಖರ್ಚನ್ನು ಮಾಲೀಕರ ಲೆಕ್ಕಕ್ಕೆ ಬರೆಯಬಹುದು, ವಾಪಸ್ ಬಂದ ಮೇಲೆ ಅವರು ಒಂದೊಂದೇ ಚೀಟಿ ಹಿಡಿದು ತಕರಾರು ತೆಗೆಯುತ್ತಾರೆ ಅನ್ನೋದು ಬೇರೆ. ಯುದ್ಧಕಾಲ ಆಗಿದ್ದರೆ ಇನ್ನೊಂದು ತಮಾಷೆ: 1690ರ ದಶಕದಲ್ಲಿ ಖಲಾಸಿಗಳ ಸಂಬಳ 50 ಶಿಲಿಂಗ್ ದಾಟಿತ್ತು, ಮಾಸ್ಟರ್‌ನದ್ದು ಹೆಚ್ಚೇನೂ ಏರಲಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಸರಕು ತಲುಪಿತಾ? ಬಾಡಿಗೆಯೇ ಸಂಬಳದ ತಾಯಿ ಅಂತ ಆಗಿನ ನಾವಿಕರ ಮಾತು. ಬಾಡಿಗೆ ಹುಟ್ಟದಿದ್ದರೆ ಸಂಬಳವೂ ಇಲ್ಲ. ನಮ್ಮ ಹಡಗು ವರ್ಜೀನಿಯಾದಲ್ಲಿ ಸರಕು ಇಳಿಸಿ, ವಾಪಸ್ ಬರುವಾಗ ಮುಳುಗಿತು ಅಂತಾದರೆ, ಹಡಗಿನವರಿಗೆ ಅಲ್ಲಿಗೆ ಮುಟ್ಟುವವರೆಗಿನ ಸಂಬಳ, ಜೊತೆಗೆ ಬಂದರಿನಲ್ಲಿ ನಿಂತ ದಿನಗಳಲ್ಲಿ ಅರ್ಧದ್ದು ಮಾತ್ರ. ಹೋಗುವಾಗಲೇ ಮುಳುಗಿದರೆ ಬದುಕಿ ಬಂದವನಿಗೂ ಸೊನ್ನೆ, ನಮ್ಮ ಮಾಸ್ಟರ್‌ನ ಒಂದಾಣೆ ಪಾಲು, 40 ಪೌಂಡಿನ ಟೋಪಿ ಬೂಟು ಎಲ್ಲ ನೀರುಪಾಲು.