ವೈನ್ ರುಚಿ ನೋಡುವುದು: ನಿಮ್ಮ ಒಲವನ್ನು ಗುರುತಿಸಿಕೊಳ್ಳುವ ಬಗೆ

ವೈನ್ ಸವಿಯಲು ಹೊರಟವರಲ್ಲಿ ಹೆಚ್ಚಿನವರು ಒಂದೊಂದೇ ಬಾಟಲಿ ಕೊಂಡು, ಕುಡಿದು, ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಹೀಗೆ ವರ್ಷಗಟ್ಟಲೆ ಕುಡಿದರೂ ಏಕೆ ಹಿಡಿಸಿತು ಎಂಬುದು ತಿಳಿಯುವುದಿಲ್ಲ. ಎರಡು ವೈನ್‌ಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು, ಇದರದ್ದೊಂದು ಗುಟುಕು, ಅದರದ್ದೊಂದು ಗುಟುಕು ಎಂದು ನೋಡಿದಾಗಲೇ ವ್ಯತ್ಯಾಸ ನಾಲಿಗೆಗೆ ಹತ್ತುತ್ತದೆ. ಮೂರು ನಾಲ್ಕು ಮಂದಿ ಸ್ನೇಹಿತರು ಖರ್ಚು ಹಂಚಿಕೊಂಡು, ಒಂದು ಸಂಜೆಗೆ ಎರಡು ಬಾಟಲಿ ತರುವುದು ಒಳ್ಳೆಯ ಆರಂಭ.

ಬಾಟಲಿ ತೆರೆಯುವ ಮೊದಲು ನಾಲಿಗೆಗೆ ಸ್ವಲ್ಪ ಅಭ್ಯಾಸ ಬೇಕು. ಹಾಲು, ಸಕ್ಕರೆ ಹಾಕದೆ ಚಹಾಪುಡಿಯನ್ನು ಒಂದು ಲೋಟ ಬಿಸಿನೀರಿನಲ್ಲಿ 2 ನಿಮಿಷ, ಇನ್ನೊಂದರಲ್ಲಿ 10 ನಿಮಿಷ ನೆನೆಸಿ, ಸೋಸಿ, ಆರಿದ ಮೇಲೆ ಎರಡನ್ನೂ ಕುಡಿದು ನೋಡಿ. 10 ನಿಮಿಷ ನೆನೆದದ್ದು ಒಸಡನ್ನೂ ಕೆನ್ನೆಯ ಒಳಭಾಗವನ್ನೂ ಒಣಗಿಸುತ್ತದೆ. ಆ ಒಗರಿಗೆ ಕಾರಣ ಟ್ಯಾನಿನ್. ಕೆಂಪು ವೈನ್‌ಗೆ ಅದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುತ್ತದೆ. ಬಿಳಿ ವೈನ್ ಮಾಡುವಾಗ ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸುವುದರಿಂದ ಅದರಲ್ಲಿ ಒಗರು ಬಹಳ ಕಡಿಮೆ. ಹುಳಿಯ ಲಕ್ಷಣ ಇದಕ್ಕೆ ವಿರುದ್ಧ: ಗುಟುಕು ಇಳಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆ ಎಂಬುದರಿಂದ ಅದನ್ನು ಅಳೆಯಬಹುದು. ಗಂಟಲಲ್ಲಿ ಉಳಿಯುವ ಬಿಸಿ ಆಲ್ಕೋಹಾಲಿನದು. ಹಣ್ಣಿನ ಘಮವನ್ನೇ ಸಿಹಿ ಎಂದು ಭ್ರಮಿಸುವುದು ಸಾಮಾನ್ಯವಾದ್ದರಿಂದ, ಅನುಮಾನ ಬಂದಾಗ ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿಯಿರಿ. ಆಗಲೂ ಸಿಹಿಯೆನಿಸಿದರೆ ಅದರಲ್ಲಿ ಸಕ್ಕರೆ ಉಳಿದಿದೆ ಎಂದರ್ಥ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಗೆ ಸರಿಹೊಂದುವಂಥದ್ದು. ನಮ್ಮ ಬೇಸಿಗೆಯಲ್ಲಿ ಅದನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, 16ರಿಂದ 18 ಡಿಗ್ರಿಯ ಹತ್ತಿರಕ್ಕೆ ತರದಿದ್ದರೆ ಆಲ್ಕೋಹಾಲಿನ ಘಾಟು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಬಿಳಿಯದನ್ನು ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಡಬೇಕು, ಏಕೆಂದರೆ ಅತಿಯಾದ ತಂಪಿನಲ್ಲಿ ಘಮ ಏಳುವುದಿಲ್ಲ. ಬಾಯಿ ಕಿರಿದಾದ ಗ್ಲಾಸಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುರಿಯದಿದ್ದರೆ, ತಿರುಗಿಸಿ ಮೂಸಲು ಜಾಗವಿರುತ್ತದೆ. ಉಗುಳಲು ಒಂದು ಪಾತ್ರೆ ಅಗತ್ಯ. ಅದರಲ್ಲಿ ಸಂಕೋಚವೇನೂ ಬೇಡ.

ಮೊದಲ ಜೋಡಿಗೆ ಶಿರಾಜ್ ಮತ್ತು ಕ್ಯಾಬರ್ನೆ ಸೊವಿನ್ಯೋ ಎಂಬ ದ್ರಾಕ್ಷಿಗಳ ಕೆಂಪು ವೈನ್‌ಗಳು ಚೆನ್ನಾಗಿ ಒದಗುತ್ತವೆ. ನಂದಿ ಬೆಟ್ಟದ ಸುತ್ತಲಿನ ತೋಟಗಳಲ್ಲೂ ಈ ಎರಡು ದ್ರಾಕ್ಷಿಗಳನ್ನು ಬೆಳೆಯುತ್ತಾರೆ. ಶಿರಾಜ್‌ನಲ್ಲಿ ಹಲವು ಬಾರಿ ಕಾಳುಮೆಣಸಿನ ವಾಸನೆ ಬರುವುದುಂಟು. ಅದಕ್ಕೆ ಕಾರಣವಾದ ರೋಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದರು. ಕಾಳುಮೆಣಸಿನಲ್ಲೂ ಇರುವುದು ಅದೇ. ಆ ಅಧ್ಯಯನದಲ್ಲಿ ಪಾಲ್ಗೊಂಡವರಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಜನರ ಮೂಗಿಗೆ, ಪ್ರಮಾಣವನ್ನು ಬಹಳ ಹೆಚ್ಚಿಸಿದರೂ ಅದು ಗೊತ್ತಾಗಲಿಲ್ಲ. ಆದ್ದರಿಂದ ಪಕ್ಕದವರು ಮೆಣಸೆಂದಾಗ ನಿಮಗೆ ನೇರಳೆ ಹಣ್ಣಷ್ಟೇ ಕಂಡರೆ ನೇರಳೆ ಹಣ್ಣೆಂದೇ ಬರೆದುಕೊಳ್ಳಿ. ಎಂದೂ ತಿಂದಿರದ ಬ್ಲ್ಯಾಕ್‌ಕರಂಟ್‌ನ ಹೆಸರನ್ನು ಬಾಟಲಿಯ ಚೀಟಿಯಿಂದ ಎರವಲು ಪಡೆಯುವ ಅಗತ್ಯ ಯಾರಿಗೂ ಇಲ್ಲ. ಸೀಬೆ, ಕೊತ್ತಂಬರಿ ಬೀಜ, ಹಸಿ ದೊಣ್ಣೆಮೆಣಸಿನಕಾಯಿ, ಮಳೆ ಬಿದ್ದ ಮಣ್ಣು ಎಂಬ ನಿಮ್ಮದೇ ನೆನಪುಗಳು ಹೆಚ್ಚು ನಿಖರ.

ಬಾಟಲಿಗಳಿಗೆ ಕಾಗದ ಸುತ್ತಿ, ಹೆಸರು ಬೆಲೆ ಮರೆಮಾಡಿಯೇ ಸುರಿಯಬೇಕೆಂದು ನಾನು ಒತ್ತಾಯಿಸುತ್ತೇನೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಬಣ್ಣವೊಂದೇ ಇಷ್ಟು ದಾರಿ ತಪ್ಪಿಸುವುದಾದರೆ, ಬೆಲೆ ಕಂಡಾಗ ನಮ್ಮ ಅಭಿಪ್ರಾಯ ಬಾಗದೆ ಇರಲಾರದು.

ರುಚಿ ನೋಡಿದ ಮೇಲೆ ಅದೇ ಎರಡು ಗ್ಲಾಸುಗಳನ್ನು ಊಟದ ಜೊತೆಗೂ ಪರೀಕ್ಷಿಸಿ. ಖಾರದ ಪಲ್ಯ ಅಥವಾ ಕೋಳಿಸಾರಿನೊಂದಿಗೆ ಒಗರೂ ಆಲ್ಕೋಹಾಲೂ ಹೆಚ್ಚಿರುವ ಕೆಂಪು ವೈನ್ ಉರಿಯನ್ನು ಏರಿಸುತ್ತದೆ. ಸ್ವಲ್ಪ ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಅದನ್ನು ತಗ್ಗಿಸುತ್ತದೆ. ಹೀಗೆ ಕೆಲವು ಸಂಜೆಗಳ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ, ಮೆಚ್ಚಿದವುಗಳಲ್ಲಿ ಹುಳಿ ಹೆಚ್ಚೋ ಒಗರು ಕಡಿಮೆಯೋ ಎಂಬುದು ಕಣ್ಣಿಗೆ ಬೀಳುತ್ತದೆ, ಅಂಗಡಿಯಲ್ಲಿ ಕೇಳಬೇಕಾದ್ದೂ ಅದನ್ನೇ. ಉಳಿದ ವೈನನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೊಮ್ಮೆ ರುಚಿ ನೋಡಿ. ಗಾಳಿ ತಾಗಿ ಒಗರು ತುಸು ಮೆತ್ತಗಾದ ಕೆಂಪು ವೈನ್ ಹಿಂದಿನ ದಿನಕ್ಕಿಂತ ಹಿಡಿಸಿದರೆ, ಮುಂದಿನ ಸಲ ಕುಡಿಯುವುದಕ್ಕೆ ಒಂದೆರಡು ಗಂಟೆ ಮೊದಲೇ ಅದನ್ನು ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದಿಡಬೇಕು.